ಕಂಪೆನಿಯ ಗುರಿ, ನಮ್ಮ ಕಲಿಕೆ

"ಎರಡು ದಿನ ಟ್ರೈನಿಂಗ್, ಎ.ಸಿ. ರೂಮಿನಲ್ಲಿ ಆರಾಮ" ಎಂದು ಶುಕ್ರವಾರದ ಕೂಟಗಳಲ್ಲಿ ನಾವು ಹೇಳಿಕೊಳ್ಳುವುದುಂಟು. ಆದರೆ ಆ ಎರಡು ದಿನಕ್ಕೆ ಕಂಪೆನಿ ಸಂಬಳವನ್ನೂ ಶುಲ್ಕವನ್ನೂ ತೆತ್ತಿರುತ್ತದೆ. ಪ್ರತಿಯಾಗಿ ಅದಕ್ಕೆ ಏನು ಬೇಕು?

ರಾಸ್ ಲಫ್ಫಾನ್‌ನ ಉದಾಹರಣೆ ನೋಡೋಣ. ನಾರ್ತ್ ಫೀಲ್ಡ್‌ನಿಂದ ಬರುವ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಲಿಗೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತೆಂದು ಮುಂದೆ ನಡೆದವನು ಕುಸಿಯುತ್ತಾನೆ. ಉಸಿರಾಟದ ಸಾಧನವಿಲ್ಲದೆ ಅವನನ್ನು ಎತ್ತಲು ಓಡಿದ ಗೆಳೆಯನೂ ಕುಸಿಯುತ್ತಾನೆ. ಆದ್ದರಿಂದ ಅಲ್ಲಿನ ತರಬೇತಿಯ ತಿರುಳು ರಸಾಯನಶಾಸ್ತ್ರವಲ್ಲ. ಅಲಾರಂ ಕೇಳಿದೊಡನೆ ಗಾಳಿ ಬೀಸುವ ದಿಕ್ಕು ನೋಡಿ ಸುರಕ್ಷಿತ ಸ್ಥಳಕ್ಕೆ ಸರಿಯುವ ಅಭ್ಯಾಸ. ಜೀವ ಉಳಿಯಬೇಕು, ಸ್ಥಾವರ ನಿಲ್ಲಬಾರದು: ಇಲ್ಲಿ ಕಂಪೆನಿಯ ಗುರಿಯೂ ನೌಕರನ ಹಿತವೂ ಒಂದೇ.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಸೂಚಿಸಿದರು. ಇಷ್ಟವಾಯಿತೇ, ಕಲಿತರೇ, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ? ನಾವು ಕಂಡಂತೆ ಹೆಚ್ಚಿನ ಕಡೆ ಊಟ ಚೆನ್ನಾಗಿತ್ತೇ ಎಂಬಲ್ಲಿಗೇ ಅಳತೆ ಮುಗಿಯುತ್ತದೆ!

ಕತಾರ್ ದೇಶವೇ ಗುರಿಗೆ ತಕ್ಕಂತೆ ಕಲಿಕೆಯನ್ನು ಹೊಂದಿಸಿಕೊಂಡಿತು. 1996ರ ಕೊನೆಗೆ ಮೊದಲ ದ್ರವೀಕೃತ ಅನಿಲದ ಹಡಗು ಹೊರಟಿತು; 2010ರ ಹೊತ್ತಿಗೆ ವಾರ್ಷಿಕ ಸಾಮರ್ಥ್ಯ 7.7 ಕೋಟಿ ಟನ್ನಿಗೆ ಏರಿತು. ಇಂಧನ ಕ್ಷೇತ್ರದ ಖಾಯಂ ಹುದ್ದೆಗಳಲ್ಲಿ ಶೇಕಡಾ 50ರಷ್ಟು ಕತಾರಿಗಳಿರಬೇಕೆಂಬ ಯೋಜನೆ ಬಂದದ್ದು 2000ದಲ್ಲಿ. 2002ರಲ್ಲಿ ಕೆನಡಾದ ಕಾಲೇಜ್ ಆಫ್ ದ ನಾರ್ತ್ ಅಟ್ಲಾಂಟಿಕ್ ದೋಹಾದಲ್ಲಿ ತಂತ್ರಜ್ಞರನ್ನು ತಯಾರು ಮಾಡತೊಡಗಿತು. 2022ರಲ್ಲಿ ಅದೇ ವಿಶ್ವವಿದ್ಯಾಲಯವಾಯಿತು.

ಇದರ ಇನ್ನೊಂದು ಮುಖ ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ನಾವು ಕೈಹಿಡಿದು ಕಲಿಸಿದ ಹುಡುಗ ನಾಳೆ ನಮ್ಮದೇ ಕುರ್ಚಿಯಲ್ಲಿ ಕೂರಬಹುದು. ಅದು ಅವರ ದೇಶ, ಅವರ ಹಕ್ಕು. ಹಾಗಾಗಿ ಒಂದೇ ಕಂಪೆನಿಯ ಒಂದೇ ಯಂತ್ರಕ್ಕೆ ಸೀಮಿತವಾದ ಕಲಿಕೆಯ ಜೊತೆಗೆ, ಬೇರೆಡೆಯೂ ಮಾನ್ಯವಾಗುವ ವೆಲ್ಡಿಂಗ್ ತಪಾಸಣೆ, ಸುರಕ್ಷತೆಯಂಥ ಸರ್ಟಿಫಿಕೇಟುಗಳನ್ನೂ ಕೇಳಿ ಪಡೆಯಬೇಕು. "ಇದರಿಂದ ನಮ್ಮ ವಿಭಾಗದ ಯಾವ ಕೆಲಸ ಸುಧಾರಿಸುತ್ತದೆ" ಎಂದು ಅರ್ಜಿಯಲ್ಲಿ ಎರಡು ಸಾಲು ಬರೆದರೆ ಮ್ಯಾನೇಜರಿಗೂ ಒಪ್ಪಿಗೆ ಕೊಡುವುದು ಸುಲಭ. 2020ರ ತಿದ್ದುಪಡಿಯ ನಂತರ, ನಿಯಮದಂತೆ ನೋಟಿಸ್ ಕೊಟ್ಟು ಕೆಲಸ ಬದಲಿಸಲು ಹಳೆಯ ಕಂಪೆನಿಯ ಎನ್.ಒ.ಸಿ. ಬೇಕಿಲ್ಲ. ಆಗ ನಮ್ಮೊಡನೆ ಬರುವುದು ಈ ಕಾಗದಗಳೇ.

ಅವುಗಳ ಪ್ರತಿಗಳು ಆಫೀಸಿನ ಕಪಾಟಿನಲ್ಲಷ್ಟೇ ಅಲ್ಲ, ಮನೆಯಲ್ಲಿ ಪಾಸ್‌ಪೋರ್ಟ್ ಇಡುವ ಫೈಲಿನಲ್ಲೂ ಇರಲಿ. ಸುರಕ್ಷತಾ ಸರ್ಟಿಫಿಕೇಟುಗಳಿಗೆ ಸಾಮಾನ್ಯವಾಗಿ ಅವಧಿ ಇರುತ್ತದೆ. ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.