ಹೆಂಚಿನ ಒಳಮೈಯಲ್ಲಿ ಒಂದು ಇಸವಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳೆ ಬೀದಿಗಳಲ್ಲಿ ಮೂರು ಬಗೆಯ ಸೂರುಗಳಿವೆ. ಕಲ್ಲುಚಪ್ಪಡಿಯದೊಂದು, ಕುಂಬಾರರ ನಾಡಹೆಂಚಿನದೊಂದು, ಮಂಗಳೂರು ಹೆಂಚಿನದೊಂದು. ಈ ಮೂರನೆಯದಕ್ಕೆ ಮಾತ್ರ ತನ್ನ ಊರು, ಮನೆತನಗಳನ್ನು ಮೈಮೇಲೆ ಬರೆದುಕೊಂಡು ಹುಟ್ಟುವ ಅಭ್ಯಾಸ. ನಡುಮನೆಯಲ್ಲಿ ಅಂಗಾತ ಮಲಗಿ ಮೇಲೆ ನೋಡಿದರೆ ಹೊಗೆ ಹಿಡಿದ ಉಬ್ಬಕ್ಷರಗಳು ಕಾಣುತ್ತವೆ. ಅವನ್ನು ಓದಲು ಕಲಿತರೆ ಮನೆಯ ವಯಸ್ಸು ಸುಮಾರಾಗಿ ಸಿಗುತ್ತದೆ.

ಹಳೆ ಹೆಂಚು ಕೂಡಿಡುವವರೆಲ್ಲ ಮೊದಲು ಹುಡುಕುವುದು ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865’ ಎಂಬ ಮುದ್ರೆಯನ್ನು. ಮೊದಲು ಮೋಸಹೋಗುವುದೂ ಅಲ್ಲಿಯೇ. 1865 ಆ ಹೆಂಚು ಸುಟ್ಟ ವರ್ಷವಲ್ಲ. ಜರ್ಮನಿಯಿಂದ ಬಂದ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಡಕ್ಕೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಮೊದಲ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ಆಮೇಲೆ ಎಷ್ಟೋ ಕಾಲ ಅಚ್ಚಿನಲ್ಲಿ ಅದೇ ಇಸವಿ ಉಳಿಯಿತು. ಆಲ್ಬುಕರ್ಕ್ ಹೆಂಚಿನ 1868 ಕೂಡ ಹಾಗೆಯೇ, ಸಂಸ್ಥೆ ಹುಟ್ಟಿದ ವರ್ಷ.

ಹಾಗಾದರೆ ಕಾಲವನ್ನು ಹೇಳುವುದು ಯಾವುದು? ಊರಿನ ಹೆಸರು, ಒಡೆಯನ ಹೆಸರು. ಮಿಷನ್ನಿನ ಕಾರ್ಖಾನೆಗಳು ಒಂದೇ ಸಲ ಎದ್ದವಲ್ಲ: ಕೋಯಿಕ್ಕೋಡ್‌ನದು 1873ರಲ್ಲಿ, ಮಲ್ಪೆಯದು 1886ರಲ್ಲಿ, ಫೆರೋಕ್‌ನದು 1905ರಲ್ಲಿ. ಹೆಂಚಿನ ಮೇಲೆ ಫೆರೋಕ್ ಎಂದಿದ್ದರೆ, ಪಕ್ಕದಲ್ಲಿ ಯಾವ ಇಸವಿಯೇ ಇರಲಿ, ಅದು 1905ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರು ಬ್ರಿಟಿಷರ ಪಾಲಿಗೆ ಶತ್ರುಗಳಾದರು, ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆ ಟ್ರಸ್ಟಿನ ಹೆಸರಿನ ಹೆಂಚು ಯುದ್ಧದ ನಂತರದ್ದು. ಯುರೋಪಿನ ಒಂದು ಯುದ್ಧ ನಮ್ಮ ಹಿತ್ತಲಿನ ಕೊಟ್ಟಿಗೆಯ ಮೇಲೆ ಹೀಗೆ ಗುರುತು ಬಿಟ್ಟುಹೋಗಿದೆ. 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಅಚ್ಚು ಹಾಕಿದ್ದೂ ಇದೇ ಮಿಷನ್ನಿನ ಮುದ್ರಣಾಲಯ ಎಂದು ನೆನೆದರೆ ಆ ಅಕ್ಷರಗಳ ಮೇಲೆ ನನಗೆ ಇನ್ನಷ್ಟು ಅಕ್ಕರೆ.

ಜರ್ಮನಿಯ ಹಳೆ ಪಿಂಗಾಣಿಯ ವಯಸ್ಸು ಹಿಡಿಯುವವರ ದಾರಿಯೂ ಇದೇ. ಅವರಿಗೆ ಕಾನೂನಿನ ಆಸರೆ ಹೆಚ್ಚು. 1887ರ ಬ್ರಿಟಿಷ್ ಕಾಯ್ದೆ, ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಇವೆರಡೂ ಹೊರದೇಶದ ಸರಕಿನ ಮೇಲೆ ಹುಟ್ಟಿದ ನಾಡಿನ ಹೆಸರು ಹಾಕಿಸಿದವು. ಹಾಗಾಗಿ ತಟ್ಟೆಯ ತಳದಲ್ಲಿ ‘ಜರ್ಮನಿ’ ಎಂದಿದ್ದರೆ ಅದು ಸಾಮಾನ್ಯವಾಗಿ ಆ ಕಾಲದಿಂದ ಈಚಿನದು. ಅಮೆರಿಕದ ಸೇನಾವಲಯ ಎಂಬ ಮುದ್ರೆ ಇದ್ದರೆ ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳದ್ದು, ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು. ದಸರಾ ಗೊಂಬೆಗಳ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಪಿಂಗಾಣಿ ಬೊಂಬೆ ಇದ್ದರೆ ಈ ಸಲ ಬುಡ ತಿರುಗಿಸಿ ನೋಡಿ.

ನಮ್ಮ ಮಾಲೂರಿನಲ್ಲೇ ಸುಟ್ಟ ಹೆಂಚಿಗೆ ಅಂಥ ಕಾನೂನಿನ ಊರುಗೋಲಿಲ್ಲ. ಮಂಗಳೂರಿನ ಮಾದರಿಯನ್ನು ಮಾಲೂರು ತನ್ನದು ಮಾಡಿಕೊಂಡಿತು. ಆ ಮಾದರಿಯೂ ಮಂಗಳೂರಿನಲ್ಲಿ ಹುಟ್ಟಿದ್ದಲ್ಲ, ಫ್ರಾನ್ಸಿನ ಅಲ್ಸಾಸ್‌ನಲ್ಲಿ ಝಿಲಾರ್ದೋನಿ ಸೋದರರು 1841ರಲ್ಲಿ ಹಕ್ಕುಪತ್ರ ಪಡೆದ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ವಂಶ. ಮಾಲೂರಿಗೆ ಕೆರೆಗಳ ಜಿಗುಟು ಮಣ್ಣು ಇತ್ತು, 1864ರಲ್ಲಿ ತೆರೆದ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗವಿತ್ತು, ಪಕ್ಕದಲ್ಲೇ ಬೆಳೆಯುತ್ತಿದ್ದ ಬೆಂಗಳೂರಿತ್ತು.

ಮಣ್ಣನ್ನು ರಾಶಿ ಹಾಕಿ ಹದ ಬರಿಸಿ, ಯಂತ್ರದಲ್ಲಿ ಅರೆದು, ಬಿಲ್ಲೆ ಮಾಡಿ ಪ್ರೆಸ್ಸಿಗೆ ಕೊಡುತ್ತಾರೆ. ಒತ್ತುವ ಲೋಹದ ಅಚ್ಚಿನಲ್ಲಿ ಹೆಸರನ್ನು ತಿರುವುಮುರುವಾಗಿ ಕೊರೆದಿರುತ್ತಾರೆ. ಒಂದೇ ಒತ್ತಿಗೆ ಗೀರು, ಕಚ್ಚು, ಹೆಸರು ಎಲ್ಲ ಮೂಡುತ್ತವೆ. ಅಚ್ಚು ಸವೆದಂತೆ ಅಕ್ಷರದ ಅಂಚು ಮೊಂಡಾಗುತ್ತದೆ, ಆದ್ದರಿಂದ ಒಂದೇ ಅಚ್ಚಿನಿಂದ ಬಂದ ಎರಡು ಹೆಂಚುಗಳಲ್ಲಿ ಯಾವುದು ಮೊದಲಿನದು ಎಂದು ಕಣ್ಣಳತೆಯಲ್ಲೇ ಹೇಳಬಹುದು. ಮಿಕ್ಕ ಕೆಲಸ ನೆರಳಲ್ಲಿ ಒಣಗಿಸುವುದು, ಗೂಡಿನಲ್ಲಿ ಸುಡುವುದು.

ಇಸವಿ ಇಲ್ಲದ ಹೆಂಚಿಗೆ ವಿಳಾಸವೇ ಸಾಕ್ಷಿ. ‘ಮೈಸೂರು ರಾಜ್ಯ’ ಎಂದು ಒತ್ತಿದ್ದರೆ ಅದರ ಅಚ್ಚು 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕವಾಗುವ ಹಿಂದಿನದು ಎಂದು ಧೈರ್ಯವಾಗಿ ಹೇಳಬಹುದು.

ತಾರಸಿ ಮನೆ ಬಂದ ಮೇಲೆ ಹೆಂಚಿನ ಬೇಡಿಕೆ ಕುಸಿಯಿತು. ಗೂಡಿಗೆ ಸೌದೆ ಬೇಕು, ಮಣ್ಣಿಗೆ ಕೆರೆಯಂಗಳ ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಯನ್ನೇ ನಂಬಿದ ಜಿಲ್ಲೆಯಲ್ಲಿ ಎರಡೂ ಸುಲಭದ ಮಾತಲ್ಲ. ಮಾಲೂರು ಈಗಲೂ ಇಟ್ಟಿಗೆ ಸುಡುತ್ತದೆ. ಆದರೆ ಇಟ್ಟಿಗೆಯ ಮೇಲಿನ ಹೆಸರು ಗಾರೆಯೊಳಗೆ ಹೂತುಹೋಗುತ್ತದೆ, ಹೆಂಚಿನ ಹೆಸರಿನಂತೆ ಮನೆಯವರ ಕಣ್ಣಿಗೆ ಬೀಳುವುದಿಲ್ಲ.

ಬಾಸೆಲ್ ಮಿಷನ್ನಿನ ಹೆಂಚುಗಳ ಚರಿತ್ರೆ ಪುಸ್ತಕಗಳಲ್ಲಿದೆ. ಮಾಲೂರಿನ ಕಾರ್ಖಾನೆಗಳದ್ದು ಬಹುಪಾಲು ಸೂರುಗಳ ಮೇಲೆಯೇ ಇದೆ, ಸೂರು ಇಳಿಸಿದಾಗೆಲ್ಲ ಒಂದು ಪುಟ ಹೋಗುತ್ತದೆ. ನಿಮ್ಮ ಹಳೆ ಮನೆ ಕೆಡವುವ ದಿನ ಬಂದರೆ ಒಂದು ಇಡೀ ಹೆಂಚನ್ನು ಮಾರದೆ ಉಳಿಸಿಕೊಳ್ಳಿ. ಅದರ ಮುದ್ರೆಯ ಫೋಟೊ ತೆಗೆದು, ಮನೆ ಕಟ್ಟಿದ ವರ್ಷ, ಊರು, ಹೆಂಚು ತಂದವರ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ.