ಅಶ್ರುವಾಯು: ಒಂದು ವಿವೇಚನೆ

ಗುಂಪನ್ನು ಚದುರಿಸಲು ಪೊಲೀಸರು ಅಶ್ರುವಾಯು ಪ್ರಯೋಗಿಸಿದರೆಂಬ ವಾರ್ತೆ ವೃತ್ತಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಆದರೆ ಆ ವಸ್ತುವಿನ ಸ್ವರೂಪವೇನು, ಅದನ್ನು ಯಾರು ಯಾವಾಗ ಪ್ರಯೋಗಿಸಬಹುದು, ಅದರಿಂದೊದಗುವ ಅಪಾಯಗಳೆಂಥವು ಎಂಬುದನ್ನು ಬಲ್ಲವರು ವಿರಳ. ಕಲಬುರಗಿಯ ನೆಹರು ಗಂಜ್‌ನಂತಹ ಜನನಿಬಿಡ ಪೇಟೆಯಲ್ಲಿ ಓಡಾಡುವ ರೈತರಿಗೆ, ಹಮಾಲರಿಗೆ, ಅಡತಿ ವರ್ತಕರಿಗೆ, ಶಾಲೆಗೆ ಹೋಗಿಬರುವ ಮಕ್ಕಳಿಗೆ ಈ ತಿಳಿವಳಿಕೆ ಅವಶ್ಯವಾದುದು.

ಮೊದಲು ಹೆಸರಿನ ವಿಚಾರ. 'ಅಶ್ರು' ಎಂದರೆ ಕಣ್ಣೀರು, 'ವಾಯು' ಎಂದರೆ ಗಾಳಿ. ಸಮಾಸವು ಕಿವಿಗೆ ಇಂಪಾಗಿದೆ. ಆದರೆ ಅದರ ಎರಡು ಪದಗಳೂ ವಸ್ತುಸ್ಥಿತಿಯನ್ನು ಪೂರ್ಣವಾಗಿ ಹೇಳುವುದಿಲ್ಲ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 'ಸಿ.ಎಸ್.' ಎಂಬ ರಾಸಾಯನಿಕವು ಸಾಧಾರಣ ಉಷ್ಣತೆಯಲ್ಲಿ ಅನಿಲವಲ್ಲ, ಬಿಳಿಯ ಹರಳಿನ ಪುಡಿ. ಷೆಲ್ಲಿನೊಳಗಿನ ಮದ್ದು ಉರಿದಾಗ ಈ ಪುಡಿಯು ಅತಿಸೂಕ್ಷ್ಮ ಕಣಗಳಾಗಿ ಹೊಗೆಯೊಡನೆ ಹರಡುತ್ತದೆ. ಗ್ವಾಲಿಯರ್ ಸಮೀಪದ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯು 1976ರಲ್ಲಿ ಸ್ಥಾಪಿಸಿದ ತಯಾರಿಕಾ ಘಟಕಕ್ಕೆ 'ಟಿಯರ್ ಸ್ಮೋಕ್ ಯೂನಿಟ್' ಎಂದೇ ಹೆಸರು. ಆದುದರಿಂದ 'ಅಶ್ರುಧೂಮ' ಎಂಬುದೇ ಯಥಾರ್ಥವಾದ ಪದವಾದೀತು. ಇನ್ನು ಕಣ್ಣೀರು ಅದರ ಪರಿಣಾಮಗಳಲ್ಲಿ ಒಂದು ಮಾತ್ರ. ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುವುದು, ಮೂಗು ಗಂಟಲುಗಳ ಉರಿ, ಕೆಮ್ಮು, ಎದೆ ಬಿಗಿತ, ಚರ್ಮದ ದಾಹ ಇವೆಲ್ಲ ಅದರ ಜೊತೆಗೇ ಬರುತ್ತವೆ.

ಈರುಳ್ಳಿ ಹೆಚ್ಚುವಾಗ ಕಣ್ಣು ತೇವವಾಗುವುದು, ಮೆಣಸಿನಕಾಯಿಯ ಚೀಲ ಬಿಚ್ಚಿದಾಗ ಘಾಟು ಅಡರುವುದು ಎಲ್ಲರ ಅನುಭವ. ಅಶ್ರುವಾಯುವಿನ ತತ್ತ್ವವೂ ಇದೇ ಜಾತಿಯದು. ಕಣ್ಣು, ಮೂಗು, ಶ್ವಾಸನಾಳಗಳಲ್ಲಿ ಅಪಾಯವನ್ನು ಮಿದುಳಿಗೆ ತಿಳಿಸುವ ನೋವಿನ ನರಗಳಿವೆ. ಸಿ.ಎಸ್. ಕಣಗಳು ತೇವಕ್ಕೆ ಅಂಟಿಕೊಂಡು ಈ ನರಗಳನ್ನು ಕೆರಳಿಸಲಾಗಿ, ದೇಹವು ವಿಷವನ್ನು ತೊಳೆದುಹಾಕಲು ನೀರು ಸುರಿಸುತ್ತದೆ. 1928ರಲ್ಲಿ ಅಮೆರಿಕದ ಕಾರ್ಸನ್ ಮತ್ತು ಸ್ಟೌಟನ್ ಎಂಬ ರಸಾಯನಜ್ಞರು ಈ ವಸ್ತುವನ್ನು ಸಿದ್ಧಪಡಿಸಿದರು. ಅವರ ಹೆಸರುಗಳ ಆದ್ಯಕ್ಷರಗಳೇ 'ಸಿ.ಎಸ್.' ಆದವು.

ಇದರ ಚರಿತ್ರೆಯಲ್ಲಿ ಒಂದು ವಿರೋಧಾಭಾಸವಿದೆ. ಕಣ್ಣೀರು ತರಿಸುವ ರಾಸಾಯನಿಕಗಳು ಮೊದಲ ಮಹಾಯುದ್ಧದ ಕಾಲದಲ್ಲಿ, 1914ರಲ್ಲಿಯೇ ರಣರಂಗವನ್ನು ಪ್ರವೇಶಿಸಿದುವು. 1997ರಲ್ಲಿ ಜಾರಿಗೆ ಬಂದ, ಭಾರತವೂ ಅಂಗೀಕರಿಸಿದ ರಾಸಾಯನಿಕ ಅಸ್ತ್ರಗಳ ಒಡಂಬಡಿಕೆಯು ಅಶ್ರುವಾಯುವನ್ನು ಯುದ್ಧದ ಸಾಧನವಾಗಿ ಬಳಸುವುದನ್ನು ನಿಷೇಧಿಸಿದೆ; ದೇಶದೊಳಗಿನ ದೊಂಬಿಯನ್ನು ಅಡಗಿಸಲು ಮಾತ್ರ ಅವಕಾಶವಿತ್ತಿದೆ. ಶತ್ರುವಿನ ಮೇಲೆ ಸಲ್ಲದುದು ಸ್ವಂತ ಪ್ರಜೆಯ ಮೇಲೆ ಸಲ್ಲುವುದೆಂತು ಎಂದು ಯಾರಿಗಾದರೂ ಅನ್ನಿಸೀತು. ಯುದ್ಧದಲ್ಲಿ ಹೊಗೆ ಕಂಡ ಎದುರಾಳಿಯು ಅದನ್ನು ಮಾರಕ ವಿಷವೆಂದೇ ಬಗೆದು ಮಾರಕ ವಿಷದಿಂದಲೇ ಉತ್ತರಿಸಬಹುದೆಂಬ ಭೀತಿ ನಿಷೇಧಕ್ಕೆ ಕಾರಣ. ದೊಂಬಿಯ ಸಂದರ್ಭದಲ್ಲಿಯಾದರೋ, ಗುಂಡಿಗಿಂತ ಹೊಗೆ ಲೇಸೆಂಬುದೇ ಅದರ ಸಮರ್ಥನೆ.

ಈ ಸಮರ್ಥನೆಯಲ್ಲಿ ಹುರುಳಿಲ್ಲವೆನ್ನಲಾಗದು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನಡೆದ ಚಳವಳಿಯಲ್ಲಿ ಗೋಲಿಬಾರ್ ಆಗಿ ರೈತರು ಮಡಿದರು. ಇಂದಿಗೂ ಅಲ್ಲಿ ಆ ದಿನವನ್ನು ಹುತಾತ್ಮರ ದಿನವಾಗಿ ಆಚರಿಸುತ್ತಾರೆ. ಗುಂಡು ತೆಗೆದ ಜೀವವನ್ನು ಯಾವ ಆಯೋಗವೂ ಮರಳಿ ಕೊಡಲಾರದು.

ಆದರೆ ಹೊಗೆಯೂ ನಿರಪಾಯವಲ್ಲ. ಷೆಲ್ಲನ್ನು ಮೇಲ್ಮುಖವಾಗಿ ಹಾರಿಸಿ, ಗುಂಪಿನ ಅಂಚಿನಲ್ಲಿ ಬೀಳುವಂತೆ ಮಾಡಬೇಕು. ನೇರವಾಗಿ ತಲೆಗೆ ಬಡಿದರೆ ಅದು ಪ್ರಾಣವನ್ನೇ ತೆಗೆಯಬಲ್ಲುದು. 2019ರಲ್ಲಿ ಬಾಗ್ದಾದಿನಲ್ಲಿ ಹಾಗೆ ಸತ್ತವರಿದ್ದಾರೆ. ಚದುರಿರೆಂದು ಹೊಗೆ ಬಿಟ್ಟು ಚದುರಲು ದಾರಿಯಿಲ್ಲದಿದ್ದರಂತೂ ಅನಾಹುತ ಇನ್ನೂ ಘೋರ. 1964ರಲ್ಲಿ ಪೆರು ದೇಶದ ಲಿಮಾ ನಗರದ ಕ್ರೀಡಾಂಗಣದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ, 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಂಗ್‌ನಲ್ಲಿ 135 ಮಂದಿ ಅಶ್ರುವಾಯುವಿಗೆ ಬೆದರಿ ಓಡುವಾಗ ದ್ವಾರಗಳ ಬಳಿ ಕಾಲ್ತುಳಿತಕ್ಕೆ, ಉಸಿರುಗಟ್ಟುವಿಕೆಗೆ ಬಲಿಯಾದರು.

ನೆಹರು ಗಂಜ್‌ಗೆ ಈ ಪಾಠವನ್ನು ಅನ್ವಯಿಸಿ ನೋಡಬಹುದು. ತೊಗರಿಯ ಸುಗ್ಗಿಯಲ್ಲಿ ಗಂಜ್ ಎಂದರೆ ರಾಶಿ, ಗೋಣಿಚೀಲ, ಬಂಡಿ, ಲಾರಿಗಳ ಸಮುದಾಯ. ಬೆಲೆ ಕುಸಿದರೆ ರೈತನ ಕೂಗು ಮೊದಲು ಕೇಳಿಬರುವ ತಾಣವೂ ಇಂತಹ ಪೇಟೆಯೇ. ಉರಿಯುವ ಷೆಲ್ಲು ಒಣಗಿದ ಗೋಣಿಯ ಮೇಲೆ ಬಿದ್ದರೆ ಬೆಂಕಿ. ಓಣಿಯ ಬಾಯಿಗೆ ಲಾರಿ ಅಡ್ಡ ನಿಂತಿದ್ದರೆ ಕಾಲ್ತುಳಿತ. ಗಾಳಿ ತಿರುಗಿದರೆ ಹೊಗೆ ಮನೆ ಶಾಲೆಗಳ ಪಾಲು. ಹೊಗೆಗೆ ಕಲ್ಲೆಸೆದವನಾರು, ಚೀಲ ಹೊತ್ತವನಾರು ಎಂಬ ವಿವೇಚನೆಯಿಲ್ಲ. ಆ ವಿವೇಚನೆ ಆಜ್ಞೆಯಿತ್ತವನಲ್ಲಿರಬೇಕು.

ಕಾನೂನು ಅದನ್ನೇ ನಿರೀಕ್ಷಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಮಿನಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಯಾಗಲಿ ಠಾಣಾಧಿಕಾರಿಯಾಗಲಿ ಅಕ್ರಮಕೂಟಕ್ಕೆ ಚದುರುವಂತೆ ಆಜ್ಞಾಪಿಸಬಹುದು. ಆಜ್ಞೆಯನ್ನು ಮೀರಿದರೆ, ಇಲ್ಲವೆ ಚದುರುವುದಿಲ್ಲವೆಂಬ ಹಟವನ್ನು ತೋರಿದರೆ ಬಲಪ್ರಯೋಗಕ್ಕೆ ಅವಕಾಶವುಂಟು. ಮೊದಲು ಮಾತು, ಆಮೇಲೆ ಬಲ ಎಂಬುದೇ ಇದರ ಕ್ರಮ.

ಮಾತು ತಡವಾದರೆ ಏನಾಗುವುದೆಂಬುದಕ್ಕೆ 2016ರ ಬೆಂಗಳೂರು ನಿದರ್ಶನ. ಭವಿಷ್ಯನಿಧಿಗೆ ಮಾಲೀಕರು ತುಂಬಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಲಾಗದೆಂಬ ಕೇಂದ್ರ ಸರ್ಕಾರದ ನಿಯಮದ ವಿರುದ್ಧ ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಬೀದಿಗಿಳಿದರು. ಕಲ್ಲು ತೂರಾಟವಾಯಿತು, ವಾಹನಗಳು ಉರಿದುವು; ಲಾಠಿಯೂ ಅಶ್ರುವಾಯುವೂ ಪ್ರಯೋಗವಾದುವು. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಎರಡು ದಿನ ಮುಂಚೆ ಆಡಬಹುದಾಗಿದ್ದ ಮಾತನ್ನು ಹೊಗೆಯ ನಂತರ ಆಡಿದಂತಾಯಿತು.

ಹೊಗೆಗೆ ಸಿಕ್ಕಿದವರು ಗಾಳಿ ಬೀಸಿಬರುವ ದಿಕ್ಕಿಗೆ, ಸಾಧ್ಯವಾದರೆ ಎತ್ತರದ ಸ್ಥಳಕ್ಕೆ ಸರಿಯಬೇಕು. ಕಣ್ಣನ್ನು ಉಜ್ಜಬಾರದು, ಶುದ್ಧವಾದ ನೀರಿನಿಂದ ಹತ್ತು ಹದಿನೈದು ನಿಮಿಷ ತೊಳೆಯಬೇಕು. ಪುಡಿ ಅಂಟಿದ ಬಟ್ಟೆಯನ್ನು ಬದಲಿಸಿ ಮೈಯನ್ನು ಸಾಬೂನಿನಿಂದ ತೊಳೆಯಬೇಕು. ಬಯಲಿನಲ್ಲಿ ಉರಿಯು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಉಬ್ಬಸದವರು, ಶಿಶುಗಳು, ವೃದ್ಧರು, ಉಸಿರಾಟದ ಕಷ್ಟ ನಿಲ್ಲದವರು ವೈದ್ಯರಲ್ಲಿಗೆ ಹೋಗಲೇಬೇಕು.

ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಎಂಟು ಸಾತ್ತ್ವಿಕ ಭಾವಗಳಲ್ಲಿ ಅಶ್ರುವನ್ನೂ ಎಣಿಸಿ, ಅದರ ಕಾರಣಗಳಲ್ಲಿ ಆನಂದ, ಅಮರ್ಷ, ಭಯ, ಶೋಕಗಳೊಡನೆ ಹೊಗೆಯನ್ನೂ ಹೇಳಿದ್ದಾನೆ. ಅಮರ್ಷವೆಂದರೆ ಅಪಮಾನವನ್ನು ಸಹಿಸಲಾರದ ಕೋಪ. ನೊಂದ ಜನರ ಕಣ್ಣಿನಲ್ಲಿ ಮೊದಲೇ ಇರುವುದು ಶೋಕದ, ಅಮರ್ಷದ ನೀರು. ಷೆಲ್ಲು ತರಿಸುವುದು ಹೊಗೆಯ ನೀರು. ಇದರಿಂದ ಅದು ತೊಳೆದುಹೋಗುವುದಿಲ್ಲ. ಶರಣಬಸವೇಶ್ವರರ ರಥೋತ್ಸವದಲ್ಲಿ ಇದೇ ಕಲಬುರಗಿಯ ಜನ ಲಕ್ಷೋಪಲಕ್ಷವಾಗಿ ನೆರೆದು, ತೇರೆಳೆದು, ಶಾಂತವಾಗಿ ಮನೆಗೆ ಮರಳುತ್ತಾರೆ. ಜನ ಸೇರುವುದೇ ಅಪಾಯವಲ್ಲ. ಸೇರಿದವರ ಅಳಲನ್ನು ಕೇಳುವವರಿಲ್ಲದಿರುವುದು ಅಪಾಯ. ನಾಳೆ ಗುಂಪಿನಲ್ಲಿ ನಿಲ್ಲುವವರೂ ಗುಂಪಿನೆದುರು ಆಜ್ಞೆ ಕೊಡುವವರೂ ಇಂದಿನ ಶಾಲೆಗಳ ಬೆಂಚುಗಳಲ್ಲಿ ಅಕ್ಕಪಕ್ಕದಲ್ಲಿಯೇ ಕುಳಿತಿದ್ದಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವ ಅಭ್ಯಾಸವನ್ನು ಅಲ್ಲಿಯೇ ಬೆಳೆಸುವುದು ಶಿಕ್ಷಕವೃಂದದ ಕರ್ತವ್ಯ.