ಮನೆಪಾಠದ ಶಾಲೆ ತೆರೆಯುವವರಿಗೆ

ಹಣ ಕೊಟ್ಟು ಪಾಠ ಹೇಳಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಸರಕಾರದ ಶಾಲೆಗಳು ಬರುವ ಮೊದಲು ಕನ್ನಡ ನಾಡಿನ ಅನೇಕ ಊರುಗಳಲ್ಲಿ ಕೂಲಿಮಠಗಳಿದ್ದವು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಮಕ್ಕಳ ಮನೆಯವರು ಧಾನ್ಯವನ್ನೋ ಕಾಸನ್ನೋ ಕೊಡುತ್ತಿದ್ದರು. ಹೆಸರಿನಲ್ಲಿಯೇ ಕೂಲಿ ಎಂಬ ಮಾತಿದ್ದರೂ ಐಗಳ ಗೌರವಕ್ಕೆ ಅದರಿಂದ ಕುಂದು ಬರಲಿಲ್ಲ. ಇಂದಿನ ಕೋಚಿಂಗ್ ಕ್ಲಾಸನ್ನು ಆ ಕೂಲಿಮಠದ ಮೊಮ್ಮಗನೆಂದರೆ ತಪ್ಪಾಗದು. ಮೊಮ್ಮಗನಿಗೆ ಅಜ್ಜನ ಗೌರವವೂ ಉಳಿಯಬೇಕಾದರೆ ಏನು ಮಾಡಬೇಕು? ಕೊಡಗಿನಲ್ಲಿ ಅಂಥ ತರಗತಿ ತೆರೆಯಬೇಕೆಂದಿರುವವರಿಗಾಗಿ ಇದನ್ನು ಇಲ್ಲಿ ವಿಚಾರಿಸೋಣ.

ಯಾರು ತೆರೆಯಬಹುದೆಂಬುದು ಮೊದಲನೆಯ ಪ್ರಶ್ನೆ. ಶಾಲೆಯ ಉಪಾಧ್ಯಾಯರು ಖಾಸಗಿ ಮನೆಪಾಠ ಹೇಳಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಪ್ರಕರಣ ವಿಧಿಸಿದೆ. ಇದು ನ್ಯಾಯವೇ ಸರಿ. ತರಗತಿಯಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಸಂಜೆ ಮಾರುವ ಆಸೆ ಯಾರಿಗೂ ಹುಟ್ಟಬಾರದಷ್ಟೆ. ಆದ್ದರಿಂದ ಕೆಲಸದಲ್ಲಿರುವ ನನ್ನಂಥವರಿಗೆ ಈ ದಾರಿ ಸಲ್ಲದು. ನಿವೃತ್ತರಾದವರಿಗೆ, ಪದವಿ ಪಡೆದು ಊರಿನಲ್ಲಿಯೇ ನೆಲಸಬೇಕೆನ್ನುವ ತರುಣ ತರುಣಿಯರಿಗೆ, ಓದಿಕೊಂಡ ಗೃಹಿಣಿಯರಿಗೆ ಇದು ಒಪ್ಪುವ ವೃತ್ತಿ.

ಇನ್ನು, ಏನನ್ನು ಕಲಿಸಬೇಕು? ಐದನೆಯ ತರಗತಿಯ ಮಕ್ಕಳು ಗಾಳಿಬೀಡಿನ ನವೋದಯ ವಿದ್ಯಾಲಯಕ್ಕೂ 2007ರಲ್ಲಿ ಆರಂಭವಾದ ಕೂಡಿಗೆಯ ಸೈನಿಕ ಶಾಲೆಗೂ ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ದೊರೆತಿದೆ. ಮೊದಲನೆಯದರಲ್ಲಿ ಎಡವಿದವನಿಗೆ ಕೆಲವೇ ವಾರಗಳ ನೆರವು ಬೇಕಾಗುತ್ತದೆ. ಪಿ.ಯು.ಸಿ.ಯವರಿಗೆ ಸಿ.ಇ.ಟಿ., ನೀಟ್ ಇವೆ. ಎಲ್ಲವನ್ನೂ ಕಲಿಸುತ್ತೇವೆಂದು ಫಲಕ ಬರೆಸುವುದಕ್ಕಿಂತ, ನಮಗೆ ಚೆನ್ನಾಗಿ ಬರುವ ಒಂದನ್ನೋ ಎರಡನ್ನೋ ಹಿಡಿಯುವುದು ಲೇಸು. ನಮ್ಮ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳಂ ಹೀಗೆ ಒಂದೊಂದು ನುಡಿಯಾಡುವವರು. ಲೆಕ್ಕ ಬಂದರೂ ಲೆಕ್ಕದ ಪ್ರಶ್ನೆಯ ಭಾಷೆ ಬಾರದೆ ಸೋಲುವ ಹುಡುಗರಿದ್ದಾರೆ. ಅಂಥವರಿಗೆ ಪ್ರಶ್ನೆಯನ್ನು ಓದಿ ಅರ್ಥ ಬಿಡಿಸುವುದನ್ನು ಕಲಿಸಿದರೆ ಅರ್ಧ ಪಾಠ ಮುಗಿದಂತೆ.

ರಾಜಸ್ಥಾನದ ಕೋಟಾ ಪಟ್ಟಣದ ಹೆಸರನ್ನು ಕೇಳದವರಿಲ್ಲ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದ ವಿ. ಕೆ. ಬನ್ಸಲ್ ಅವರು ಸ್ನಾಯುಗಳು ಕ್ಷೀಣಿಸುವ ರೋಗಕ್ಕೆ ತುತ್ತಾದಾಗ, 1980ರ ದಶಕದಲ್ಲಿ, ಮನೆಯಲ್ಲಿಯೇ ಬೆರಳೆಣಿಕೆಯ ಮಕ್ಕಳಿಗೆ ಪಾಠ ಹೇಳತೊಡಗಿದರು. ಆ ಪುಟ್ಟ ಬೀಜ ಊರೇ ಕೋಚಿಂಗಿಗೆ ಹೆಸರಾಗುವಷ್ಟು ಬೆಳೆಯಿತು. ಆದರೆ ಅದೇ ಊರಿನಿಂದ ಎಳೆಯರ ಆತ್ಮಹತ್ಯೆಯ ಸುದ್ದಿಗಳೂ ಬಂದವು. ಬೀಜವನ್ನು ನೋಡಿ ಕಲಿಯುವವರು ಮರದ ನೆರಳನ್ನೂ ನೋಡಿರಬೇಕು.

ಇಂಥ ಕಾರಣಗಳಿಂದಲೇ ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ರಾಜ್ಯಗಳಿಗೆ ಮಾರ್ಗಸೂಚಿ ಕಳುಹಿಸಿತು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು ಅದು. ಹದಿನಾರು ತುಂಬದವರನ್ನು ಸೇರಿಸಿಕೊಳ್ಳಬಾರದು. ಪಾಠ ಹೇಳುವವರು ಪದವೀಧರರಾಗಿರಬೇಕು. ಶಾಲೆಯ ವೇಳೆಯಲ್ಲಿ ಪಾಠ ನಡೆಸಬಾರದು. ದಿನಕ್ಕೆ ಐದು ಗಂಟೆ ಮೀರಬಾರದು. ವಾರಕ್ಕೊಂದು ರಜೆ ಬೇಕು. ತಲೆಗೆ ಒಂದು ಚದರ ಮೀಟರಿಗೆ ಕಡಮೆಯಿಲ್ಲದಂತೆ ಸ್ಥಳವಿರಬೇಕು. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕು. ಸಣ್ಣ ತರಗತಿಯವರಿಗೂ ಇದು ಒಳ್ಳೆಯ ಅಳತೆಗೋಲು. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಕೋಣೆ ಸುಮಾರು 28 ಚದರ ಮೀಟರು; ಅಲ್ಲಿ 25 ಮಕ್ಕಳಿಗಿಂತ ಹೆಚ್ಚು ಸಲ್ಲದು. ನೆಲಮಾಳಿಗೆಯಂತೂ ಬೇಡವೇ ಬೇಡ. 2024ರ ಜುಲೈ 27ರಂದು ದೆಹಲಿಯ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ನಮ್ಮ ಮಳೆ ದೆಹಲಿಯ ಮಳೆಗಿಂತ ದೊಡ್ಡದು. ನೋಂದಣಿಯ ವಿಷಯವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿಯೂ ಪರವಾನಿಗೆಯ ವಿಷಯವನ್ನು ಪುರಸಭೆ ಅಥವಾ ಪಂಚಾಯಿತಿಯಲ್ಲಿಯೂ ಮೊದಲೇ ವಿಚಾರಿಸಿಕೊಳ್ಳಬೇಕು.

ವೇಳೆಯನ್ನು ಗೊತ್ತುಮಾಡುವಾಗ ಗಡಿಯಾರಕ್ಕಿಂತ ಮೊದಲು ಬಸ್ಸನ್ನು ನೋಡಬೇಕು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಹಳ್ಳಿಯ ಮಗು ಕತ್ತಲಲ್ಲಿ ನಡೆಯಬೇಕು. ದಕ್ಷಿಣ ಕೊಡಗಿನ ಕಾಫಿ ತೋಟಗಳಲ್ಲಿ ಆನೆಗಳ ಓಡಾಟವಿದೆ. ಬೆಳಗಿನ ಪಾಠವೋ ಶನಿವಾರ ಭಾನುವಾರಗಳ ಹಗಲಿನ ಪಾಠವೋ ನಮಗೆ ಹೊಂದುತ್ತದೆ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡವರು ಮಳೆಗಾಲದ ರಜೆಯನ್ನು ನಷ್ಟವೆಂದು ಬಗೆಯಲಾರರು. ಕಷ್ಟದ ಪಾಠಗಳನ್ನು ಮಳೆ ಕಳೆದ ಮೇಲಿನ ತಿಂಗಳುಗಳಿಗೆ ಇಟ್ಟುಕೊಂಡರಾಯಿತು.

ಇನ್ನು ಲೆಕ್ಕ. 25 ಮಕ್ಕಳು, ತಿಂಗಳಿಗೆ ತಲಾ 800 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಎಂದಿಟ್ಟುಕೊಳ್ಳೋಣ. ಬರುವುದು 2,00,000 ರೂಪಾಯಿ. ಬಾಡಿಗೆ ಮಾತ್ರ ಹನ್ನೆರಡು ತಿಂಗಳಿಗೂ ತೆರಬೇಕು; 6,000ದಂತೆ 72,000. ದೀಪ, ನೀರು, ಕಾಗದಕ್ಕೆ 30,000. ಜೊತೆಯ ಅಧ್ಯಾಪಕರಿಗೆ 60,000. ಉಳಿಯುವುದು 38,000. ತೋಟದ ಕೂಲಿಯವರ ಮಕ್ಕಳು ಐವರಿಗೆ ಶುಲ್ಕ ಬಿಟ್ಟರೆ ಉಳಿತಾಯ ಹೋಗಿ ಎರಡು ಸಾವಿರ ಕೈಬಿಡುತ್ತದೆ. ಆದರೆ ಪಾಠ ಮನೆಯ ಜಗಲಿಯಲ್ಲಿಯೇ ನಡೆದರೆ, ಆ ಐವರನ್ನೂ ಉಳಿಸಿಕೊಂಡು 70,000 ಉಳಿಯುತ್ತದೆ. ಔದಾರ್ಯಕ್ಕೆ ಅಡ್ಡ ಬರುವುದು ಅನೇಕ ವೇಳೆ ಮನಸ್ಸಲ್ಲ, ಬಾಡಿಗೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರು ಪರರಿಗೂ ಒಂದಿಷ್ಟು ಜಾಗ ಕೊಡಬಲ್ಲರು. ಸಣ್ಣ ಬೆಳೆಗಾರರ ಕೈಗೆ ಹಣ ಬರುವುದು ಕಾಫಿ ಮಾರಿದ ಮೇಲೆ. ಅವರಿಂದ ಶುಲ್ಕವನ್ನು ಆಗ ಪಡೆಯುವ ಏರ್ಪಾಡು ಇರಲಿ. ವರ್ಷದ ವಸೂಲಿ 20 ಲಕ್ಷ ರೂಪಾಯಿ ದಾಟಿದರೆ ಶೇಕಡಾ 18ರಂತೆ ಜಿ.ಎಸ್.ಟಿ. ಸಲ್ಲಿಸಬೇಕೆಂಬುದೂ ನೆನಪಿರಲಿ.

ಕೊನೆಯದು ಜಾಹೀರಾತು. ಗೆದ್ದವರ ಭಾವಚಿತ್ರವನ್ನು ಅವರು ಆಯ್ಕೆಯಾದ ಮೇಲೆ ಬರೆದುಕೊಟ್ಟ ಒಪ್ಪಿಗೆಯಿಲ್ಲದೆ ಬಳಸಕೂಡದೆಂದೂ, ರ್‍ಯಾಂಕು ಖಚಿತವೆಂಬಂಥ ಸುಳ್ಳು ಭರವಸೆ ಕೂಡದೆಂದೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಗೊತ್ತುಪಡಿಸಿದೆ. ಪಾಠ ಹೇಳುವವನು ಶ್ರಮವನ್ನು ಕೊಡಬಲ್ಲ, ಫಲವನ್ನಲ್ಲ. ತಂದೆತಾಯಿಗಳು ಸೇರಿಸಲು ಬಂದಾಗ ಹೇಳಬೇಕಾದುದು ಇಷ್ಟೆ: ಇಷ್ಟು ದಿನ, ಇಷ್ಟು ಪಾಠ, ಇಷ್ಟು ಶುಲ್ಕ, ತಿಂಗಳಿಗೊಮ್ಮೆ ನಿಮ್ಮ ಮಗುವಿನ ಸ್ಥಿತಿಯನ್ನು ಇದ್ದಂತೆ ತಿಳಿಸುತ್ತೇವೆ. ಮಗುವಿಗೆ ನಮ್ಮ ನೆರವು ಬೇಕಿಲ್ಲವೆಂದು ಕಂಡ ದಿನ ಅದನ್ನೂ ಹೇಳಿಬಿಡಬೇಕು. ಅಂದು ಒಂದು ಶುಲ್ಕ ಹೋದೀತು. ಆದರೆ ಊರಿನವರ ನಂಬಿಕೆ ಉಳಿದೀತು, ಅದರ ಬೆನ್ನಿಗೆ ಬೇರೆ ಮಕ್ಕಳೂ ಬಂದಾರು.